ಗ್ರೀಸ್ ಹಚ್ಚಿದ ಕೈ

"ಎರಡು ಬುಷ್ಷು, ಒಂದೇ ಆರ್ಮು. ಆದ್ರೆ ಎರಡನ್ನೂ ಹಾಕಿದ್ದು ಒಬ್ಬನೇ ಅಲ್ಲ," ಅಂದರು ಮಾವ.

ತಲಘಟ್ಟಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಚಿಕ್ಕಬೈರಪ್ಪ ಟೀ ಲೋಟದ ಮೇಲಿಂದ ಒಮ್ಮೆ ನೋಡಿ ಮತ್ತೆ ಟೀಗೆ ಬಾಯಿಟ್ಟರು. ಅವರ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಅದರ ಮೇಲೆ ಜೀಪಿನಿಂದ ಬಿಚ್ಚಿದ ಎಡಗಡೆಯ ಆರ್ಮನ್ನು ಮಲಗಿಸಿದ್ದರು. ಮಾವ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತು ಆಗಲೇ ಅರ್ಧ ಗಂಟೆಯಾಗಿತ್ತು.

ಭಾನುವಾರ ತಲಘಟ್ಟಪುರದಾಚೆಯ ಕಲ್ಲು ಕ್ವಾರಿಯಲ್ಲಿ ಜೀಪ್ ಸ್ಪರ್ಧೆ ನಡೆಯುವಾಗ ಈ ಆರ್ಮು ಬಿಟ್ಟುಕೊಂಡು, ಚಕ್ರ ಮಡಚಿಕೊಂಡು, ಸೀನು ಎಂಬ ಇಪ್ಪತ್ತೈದರ ಹುಡುಗ ಜೀಪಿನ ಸಮೇತ ಹಳ್ಳಕ್ಕೆ ಬಿದ್ದು ಸತ್ತಿದ್ದ. ಆ ಜೀಪು ಕಟ್ಟಿಕೊಟ್ಟ, ನಮ್ಮ ಕಾರನ್ನೂ ರಿಪೇರಿ ಮಾಡುವ ಮಡಿವಾಳದ ಮೆಕ್ಯಾನಿಕ್ ಮುನಿಯಣ್ಣನನ್ನು ನಿನ್ನೆ ಸಂಜೆ ಐದಕ್ಕೆ ಹಿಡಿದು ತಂದಿದ್ದರು.

ಇವತ್ತು ಐದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಗ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ.

ಮಾವ ಅಂದರೆ ಸಂಜೀವಯ್ಯ. ಇಲಾಖೆಯ ಕಾಗದದಲ್ಲಿ ನಿವೃತ್ತ ಮೋಟಾರು ವಾಹನ ನಿರೀಕ್ಷಕರು, ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಮೂವತ್ತು ವರ್ಷ ಲಾರಿಗಳ ಕೆಳಗೆ ಮಲಗಿ ಸುಳ್ಳು ಹಿಡಿದವರು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಪತ್ತೇದಾರಿಕೆಗೆ ಇಳಿದಿದ್ದಾರೆ. ನಾನು ಜಯಶೀಲಾ, ಅವರ ಅಕ್ಕನ ಮಗಳು. ಜಯನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿಸುತ್ತೇನೆ. ಮಾವನ ಜೊತೆ ಓಡಾಡುವುದಕ್ಕೆ ರಜೆ ಹಾಕಿ ಹಾಕಿ ಪ್ರಿನ್ಸಿಪಾಲರ ಕಣ್ಣು ಕೆಂಪಗಾಗಿದೆ.

"ಬಿಡ್ಸಿ ಹೇಳಿ ಸಾರ್. ನಂಗೆ ಇದು ಕಬ್ಬಿಣ ಅನ್ನೋದು ಬಿಟ್ರೆ ಏನೂ ಗೊತ್ತಿಲ್ಲ," ಅಂದರು ಚಿಕ್ಕಬೈರಪ್ಪ.

ಮಾವನಿಗೆ ಅಷ್ಟೇ ಸಾಕಾಗಿತ್ತು. "ಇದು ಜೀಪಿನ ತೋಳು ಅಂತ ತಿಳ್ಕೊಳ್ಳಿ. ಈ ಕಡೆ ಚಕ್ರ, ಆ ಕಡೆ ಗಾಡಿಯ ಚೌಕಟ್ಟು, ಚಾಸಿಸ್ಸು. ಚಕ್ರದ ಕಡೆ ಬಾಲ್ ಜಾಯಿಂಟ್ ಇದೆ, ಅದು ಇನ್ನೂ ಗಟ್ಟಿಯಾಗಿದೆ, ಅದರ ತಂಟೆ ಬೇಡ. ಚಾಸಿಸ್ ಕಡೆ ಎರಡು ಕಿವಿ ಇದೆ ನೋಡಿ. ಒಂದೊಂದ್ರಲ್ಲೂ ಒಂದು ರಬ್ಬರ್ ಬುಷ್ಷು. ಚಕ್ರ ಮೇಲೆ ಕೆಳಗೆ ಆಡುವಾಗ ತೋಳು ಆಡೋದು ಇವುಗಳ ಮೇಲೆ."

ಮುಂದಿನ ಕಿವಿಯ ಬುಷ್ಷಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರು. ಅದು ಅಲ್ಲಾಡಲಿಲ್ಲ. ರಬ್ಬರು ಒಣಗಿಕೊಂಡು ಕಬ್ಬಿಣವನ್ನು ಕಚ್ಚಿ ಹಿಡಿದಿತ್ತು.

ಹಿಂದಿನ ಕಿವಿಯದು ಮೀಟುವ ಮೊದಲೇ ಅರ್ಧ ಆಚೆ ಬಂದಿತ್ತು. ಮೈಯೆಲ್ಲ ಜಿಡ್ಡು. ಮಾವ ಬೆರಳಾಡಿಸಿ ತೋರಿಸಿದರು, ಬೆರಳು ಕಪ್ಪಾಯಿತು.

"ಗ್ರೀಸು. ರಬ್ಬರಿಗೆ ಗ್ರೀಸ್ ಹಚ್ಚಿದ್ದಾರೆ."

"ತಪ್ಪೇನು? ಸಲೀಸಾಗಿ ತಿರುಗುತ್ತಲ್ಲ."

"ಅದೇ ತಿರುಗಬಾರದು ಕಣ್ರೀ! ರಬ್ಬರು ಹೊರಗಿನ ಕಬ್ಬಿಣಾನೂ ಕಚ್ಚಿರಬೇಕು, ಬೋಲ್ಟ್ ಹೋಗೋ ಒಳಗಿನ ಕೊಳವೆನೂ ಕಚ್ಚಿರಬೇಕು. ಮಧ್ಯೆ ರಬ್ಬರು ಮಾತ್ರ ಎಳ್ಕೊಂಡು ಬಿಟ್ಕೊಂಡು ಇರಬೇಕು. ಬುಷ್ ಒಳಗೆ ತೂರ್ಸೋಕೆ ಮುನಿಯಣ್ಣ ಬಟ್ಟೆ ಸೋಪಿನ ನೀರು ಸವರ್ತಾನೆ. ನೀರು ಒಣಗುತ್ತೆ, ರಬ್ಬರು ಕಚ್ಚುತ್ತೆ. ಗ್ರೀಸು ಒಣಗಲ್ಲ. ಬಂಡೆ ಮೇಲೆ ನಾಲ್ಕು ಏಟು ಬಿದ್ರೆ ಜಾರ್ಕೊಂಡು ಆಚೆ ಬರುತ್ತೆ. ಬಂದಿದೆ."

ಚಿಕ್ಕಬೈರಪ್ಪ ಲೋಟ ಕೆಳಗಿಟ್ಟರು.

"ಇನ್ನೊಂದು. ಈ ರಬ್ಬರು ಹರಿದಿರೋ ರೀತಿ ನೋಡಿ, ಸುತ್ತಿಕೊಂಡು ಹರಿದಿದೆ. ಜೀಪನ್ನ ಜಾಕ್ ಮೇಲೆ ಎತ್ತಿ, ಚಕ್ರ ನೇತಾಡ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದಾರೆ. ಆಮೇಲೆ ಗಾಡಿ ಕೆಳಗಿಳಿಸಿದ್ರೆ ನಿಂತಲ್ಲೇ ರಬ್ಬರು ಹಿಂಡಿದ ಬಟ್ಟೆ ಥರ ತಿರುಚಿಕೊಂಡಿರುತ್ತೆ. ಮುನಿಯಣ್ಣ ಹಾಗೆ ಮಾಡೋನಲ್ಲ. ಗಾಡಿ ನೆಲಕ್ಕಿಳಿಸಿ, ಬಾನೆಟ್ ಮೇಲೆ ಇಬ್ಬರನ್ನ ಕೂರ್ಸಿ, ತಾನು ಶೆಡ್ಡಿನ ಗುಂಡಿಗಿಳಿದು ಬಿಗಿ ಮಾಡ್ತಾನೆ. ಮುಂದಿನ ಬುಷ್ ಹಾಗೇ ಇದೆ. ಹಿಂದಿನದನ್ನ ಯಾರೋ ಆಮೇಲೆ ಬಿಚ್ಚಿದ್ದಾರೆ."

"ಅವನೇ ಆಮೇಲೆ ಬಿಚ್ಚಿರಬಹುದು. ಒಳ್ಳೆ ಮೆಕ್ಯಾನಿಕ್ಕೂ ಒಂದಿನ ಅವಸರದಲ್ಲಿ ಗ್ರೀಸ್ ಹಚ್ತಾನೆ."

"ಅವನನ್ನೇ ಕೇಳಿ."

"ಕೇಳಿದೆ. 'ಜೀಪ್ ಕೊಟ್ಟ ಮೇಲೆ ನಾನು ಅದನ್ನ ನೋಡೇ ಇಲ್ಲ' ಅಂತಾನೆ. ಎಲ್ಲರೂ ಹಾಗೇ ಅಂತಾರೆ. ಸಾರ್, ನೀವು ಹಿರಿಯರು, ನಿಮ್ಮ ಮೇಲೆ ಗೌರವ ಇದೆ. ಐದು ಗಂಟೆಯೊಳಗೆ ಬಿಚ್ಚಿದ್ದು ಇನ್ನೊಬ್ಬ ಅಂತ ತೋರ್ಸಿ, ನಾನೇ ಇವನನ್ನ ಮನೆಗೆ ಕಳಿಸ್ತೀನಿ."

ಸಾವಿಗೆ ಕಾರಣನಾದ ಮೆಕ್ಯಾನಿಕ್ ಅಂತ ಒಮ್ಮೆ ಕೋರ್ಟು ಹತ್ತಿದರೆ ಆಮೇಲೆ ಬಿಡುಗಡೆಯಾದರೂ ಮಡಿವಾಳದಲ್ಲಿ ಯಾವನೂ ಅವನ ಕೈಗೆ ಗಾಡಿ ಕೊಡುವುದಿಲ್ಲ. ಮುನಿಯಣ್ಣನಿಗೆ ಹೆಂಡತಿ ಅಂಕಮ್ಮ, ಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಶೆಡ್ಡು ಬಿಟ್ಟರೆ ಬೇರೆ ಆಧಾರವಿಲ್ಲ.

ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕರು ಊಟದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೋರಯ್ಯ ಮೇಸ್ತ್ರಿ. ವಿಲ್ಸನ್ ಗಾರ್ಡನ್ನಿನ ಲಾರಿ ಶೆಡ್ಡಿನಲ್ಲಿ ಮುನಿಯಣ್ಣನಿಗೆ ಸ್ಪಾನರ್ ಹಿಡಿಯುವುದನ್ನು ಕಲಿಸಿದವರು. ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಗಲೆಲ್ಲ ಶಿಷ್ಯನ ಶೆಡ್ಡಿನಲ್ಲೇ ಕೂತಿರುತ್ತಾರೆ. ಮುನಿಯಣ್ಣ ಅವರನ್ನು ಸ್ವಂತ ತಂದೆಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾನೆ.

"ಏನಂದ್ರು ಸಾರ್? ಬಿಡ್ತಾರಾ ನಮ್ ಹುಡ್ಗನ್ನ?" ನಲವತ್ತು ದಾಟಿದ ಮುನಿಯಣ್ಣ ಅವರಿಗೆ ಇನ್ನೂ ಹುಡುಗ.

"ಬಿಡ್ತಾರೆ ಮೇಸ್ತ್ರಿ. ಊಟ ಮಾಡಿ ನೀವು," ಅಂದರು ಮಾವ. ನಾನು ಕಾರು ಹತ್ತಿದೆ.

ಜೆ.ಪಿ. ನಗರದಲ್ಲಿ ಬದರಿನಾಥರ ಮನೆ. ಹಿಂದುಗಡೆ ಶೀಟು ಹೊದಿಸಿದ, ಲೋಹ ಕಡೆಯುವ ಲೇತ್ ಶೆಡ್ಡು. ಜೀಪು ಅವರದೇ. ಸತ್ತ ಸೀನು ಅವರ ಹೆಂಡತಿಯ ತಮ್ಮ. ಅಂಗಳದಲ್ಲಿ ಚಪ್ಪಲಿಗಳ ರಾಶಿ, ಒಳಗೆ ನೆಂಟರ ಪಿಸುಮಾತು. ಬದರಿನಾಥರು ಮಾತ್ರ ಶೆಡ್ಡಿನಲ್ಲಿ, ನಿಂತುಹೋದ ಲೇತಿನ ಮುಂದೆ ಸ್ಟೂಲ್ ಹಾಕಿಕೊಂಡು ಒಬ್ಬರೇ ಕೂತಿದ್ದರು. ಮೂರು ದಿನದ ಗಡ್ಡ.

"ಇಂಥ ಹೊತ್ತಲ್ಲಿ ಬರಬಾರದು. ಆದ್ರೆ ಐದು ಗಂಟೆ ಆದ್ಮೇಲೆ ಬಂದು ಪ್ರಯೋಜನ ಇಲ್ಲ," ಅಂದರು ಮಾವ.

"ಕೇಳಿ."

"ಜೀಪ್ ಕಟ್ಟುವಾಗ ನಿಮಗೂ ಮುನಿಯಣ್ಣನಿಗೂ ಜಗಳ ಆಗಿತ್ತಂತೆ."

"ಜಗಳ ಅಂದ್ರೆ ಜಗಳ. ಬುಷ್ ವಿಷಯಕ್ಕೆ." ಬದರಿನಾಥರು ಕಪಾಟಿನಿಂದ ಒಂದು ತಟ್ಟೆ ಎಳೆದರು. ಅದರಲ್ಲಿ ಕಂಚಿನ ಜಾತಿಯ ಲೋಹದ ಎಂಟು ಗನ್ ಮೆಟಲ್ ಬುಷ್ಷುಗಳು, ಈಗಷ್ಟೇ ಲೇತಿನಿಂದ ಇಳಿದ ಹಾಗೆ ಹಳದಿಯಾಗಿ ಹೊಳೆಯುತ್ತಿದ್ದವು. "ಇವನ್ನ ಲೇತಲ್ಲಿ ನಾನೇ ಕಡೆದೆ. ಗನ್ ಮೆಟಲ್ ಅಳತೆ ಬಿಡಲ್ಲ ಸಂಜೀವಯ್ಯನವರೇ. ಸ್ಟೀರಿಂಗ್ ಎಷ್ಟು ತಿರುಗಿಸ್ತೀರೋ ಚಕ್ರ ಅಷ್ಟೇ ತಿರುಗುತ್ತೆ. ರಬ್ಬರ್ ಹಾಕಿದ್ರೆ ಗಾಡಿ ಅಲ್ಲಿ ಇಲ್ಲಿ ಬಳುಕುತ್ತೆ. ಅವನು ಕೇಳ್ಲಿಲ್ಲ."

"ಯಾಕಂತೆ?"

"ಬಂಡೆ ಮೇಲೆ ಆರ್ಮು ಬರೀ ಮೇಲೆ ಕೆಳಗೆ ಆಡಲ್ಲ, ಓರೆಯಾಗಿ ತಿರುಚ್ಕೊಳ್ಳುತ್ತೂ ಇರುತ್ತೆ. ಗನ್ ಮೆಟಲ್ ಬಗ್ಗಲ್ಲ, ಏಟೆಲ್ಲ ಬ್ರ್ಯಾಕೆಟ್ಟಿಗೆ ಹೋಗಿ ವೆಲ್ಡಿಂಗ್ ಬಿಡುತ್ತೆ ಅಂದ. ಸರಿ ಮಾರಾಯ, ಎಲ್ಲಾ ಕಡೆ ತಿರುಗೋ ಗುಂಡು ಜಾಯಿಂಟ್ ಇದೆ, ವಿಮಾನದ ಗುಜರಿ ಮಾಲು, ಅದನ್ನ ಹಾಕೋಣ ಅಂದೆ. ಆಕಾಶದಲ್ಲಿ ಧೂಳಿಲ್ಲ ಸಾರ್, ಕ್ವಾರಿ ಧೂಳು ಕುಡಿದ್ರೆ ಎರಡೇ ದಿನಕ್ಕೆ ಲೊಡಲೊಡ ಅನ್ನುತ್ತೆ ಅಂದ. ಕೊನೆಗೆ ಚಾಸಿಸ್ ಕಡೆ ಗಟ್ಟಿ ರಬ್ಬರು, ಚಕ್ರದ ಕಡೆ ಲಾರಿ ಸೈಜಿನ ಬಾಲ್ ಜಾಯಿಂಟು. ಅವನದೇ ನಡೀತು."

"ಅವನು ಆರಿಸಿದ್ದು ಸರಿಯಾಗೇ ಇತ್ತು."

"ಸರಿಯಾಗಿದ್ರೆ ಸೀನು ಯಾಕೆ ಸತ್ತ?"

ಮಾವ ನಿಧಾನವಾಗಿ, ಚಿಕ್ಕಬೈರಪ್ಪನವರಿಗೆ ಹೇಳಿದ್ದನ್ನೆಲ್ಲ ಹೇಳಿದರು. ಗ್ರೀಸಿನ ವಿಷಯ, ಜಾಕಿನ ವಿಷಯ. ಹೇಳುತ್ತಾ ಬದರಿನಾಥರ ಕೈಗಳನ್ನೇ ನೋಡುತ್ತಿದ್ದರು.

"ರಬ್ಬರ್ ಗೊತ್ತಿರೋನು ಈ ಎರಡು ತಪ್ಪು ಮಾಡಲ್ಲ. ಗನ್ ಮೆಟಲ್ ಮಾತ್ರ ಗೊತ್ತಿರೋನು ಮಾಡ್ತಾನೆ. ಗನ್ ಮೆಟಲ್ಲಿಗೆ ಗ್ರೀಸ್ ಬೇಕೇ ಬೇಕು. ಜಾಕ್ ಮೇಲೆ ಬಿಗಿ ಮಾಡಿದ್ರೂ ನಡೆಯುತ್ತೆ, ನೆಲದ ಮೇಲೆ ಮಾಡಿದ್ರೂ ನಡೆಯುತ್ತೆ."

ಬದರಿನಾಥರು ಎದ್ದು ನಿಂತರು. ಸ್ಟೂಲು ಬಿತ್ತು.

"ನಾನು ಅಂತೀರಾ? ನನ್ನ ಹೆಂಡ್ತಿ ತಮ್ಮನ್ನ, ನಾನು?"

"ನಾನು ಹೆಸರು ಹೇಳಿಲ್ಲ."

"ಹೇಳೋದೇನು ಬಾಕಿ ಇದೆ!" ತಟ್ಟೆಯಿಂದ ಒಂದು ಬುಷ್ ತೆಗೆದು ಮಾವನ ಮುಖದ ಹತ್ತಿರ ಹಿಡಿದರು. "ನಾನು ಆರ್ಮ್ ಬಿಚ್ಚಿದ್ರೆ ಒಂದು ರಬ್ಬರ್ ತೆಗ್ದು ಇನ್ನೊಂದು ರಬ್ಬರ್ ಯಾಕ್ರೀ ಹಾಕ್ಲಿ? ಎಂಟು ರೆಡಿ ಇಟ್ಕೊಂಡು ಕೂತಿದ್ದೀನಲ್ಲ! ಇದನ್ನೇ ಹಾಕ್ತಿದ್ದೆ. ಹಾಕಿದ್ರೆ ಅವನು ಬದುಕಿರ್ತಿದ್ದ."

ಬುಷ್ಷನ್ನು ತಟ್ಟೆಗೆ ಹಾಕಿ, ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂರದೆ ನಿಂತೇ ಇದ್ದರು.

ಉತ್ತರ ಸರಿಯಾಗಿತ್ತು. ನಾನು ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡೆ, ಬರೆದುಕೊಳ್ಳುವಾಗಲೇ ನನಗೆ ಸಿಟ್ಟು ಬಂತು. ಅಷ್ಟು ಹೊತ್ತು ಇವರೇ ಅಂತ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ.

ಮಾವ ಬಿಡಲಿಲ್ಲ. "ಸ್ಪರ್ಧೆಗೆ ಹೆಸರು ಕೊಟ್ಟಿದ್ದು ನೀವು. ಸೀಟಲ್ಲಿ ಕೂತಿದ್ದು ಸೀನು."

"ಶನಿವಾರ ಜ್ವರ ಬಂತು. ಡಾಕ್ಟರ್ ಚೀಟಿ ಇದೆ, ಬೇಕಾದ್ರೆ ತೋರಿಸ್ತೀನಿ."

"ಮುನಿಯಣ್ಣ ಜೀಪ್ ತಂದುಕೊಟ್ಟಿದ್ದು ಸ್ಪರ್ಧೆಯ ಹಿಂದಿನ ಭಾನುವಾರ. ಆ ಒಂದು ವಾರ ಜೀಪು ಎಲ್ಲಿತ್ತು?"

"ಇಲ್ಲೇ. ಈ ಶೆಡ್ಡಲ್ಲಿ, ಬೀಗ ಹಾಕಿ. ಬೀಗದ ಕೈ ಎರಡು, ಒಂದು ನನ್ನ ಹತ್ರ, ಒಂದು ಮನೆ ಒಳಗೆ."

"ಎಲ್ಲಿಗೂ ಹೋಗಿಲ್ಲ?"

"ಎಲ್ಲಿಗೂ ಹೋಗಿಲ್ಲ."

"ಹೋಗಿತ್ತು."

ಹಿತ್ತಲ ಬಾಗಿಲಲ್ಲಿ ಚೂಡಾಮಣಿ ನಿಂತಿದ್ದರು. ಬದರಿನಾಥರ ಹೆಂಡತಿ, ಸೀನುವಿನ ಅಕ್ಕ. ಕೂದಲು ಬಾಚಿರಲಿಲ್ಲ, ಆದರೆ ದನಿ ನಡುಗುತ್ತಿರಲಿಲ್ಲ.

"ಗುರುವಾರ ಹೋಗಿತ್ತು. ನೀವು ಹೊಸೂರಿಗೆ ಹೋಗಿದ್ರಿ. ಎಡಗಡೆ ಏನೋ ಕಿರುಗುಟ್ತಿದೆ ಅಕ್ಕಾ, ಮಡಿವಾಳಕ್ಕೆ ಹೋಗಿ ಮುನಿಯಣ್ಣಂಗೆ ತೋರಿಸ್ಕೊಂಡು ಬರ್ತೀನಿ ಅಂತ ಮಧ್ಯಾಹ್ನ ತಗೊಂಡು ಹೋದ. ಏಳು ಗಂಟೆಗೆ ವಾಪಸ್ ಬಂದ. ರಿಪೇರಿ ಆಯ್ತು ಅಂದ. ಭಾವಂಗೆ ಹೇಳ್ಬೇಡ ಅಂದ."

"ನನಗೆ ಯಾಕೆ ಹೇಳ್ಬಾರದಂತೆ?" ಅಂದರು ಬದರಿನಾಥರು.

"ನಾನು ಕೇಳ್ಲಿಲ್ಲ," ಅಂದರು ಚೂಡಾಮಣಿ. "ಕೇಳ್ಬೇಕಿತ್ತು," ಅಂದು ಒಳಗೆ ಹೋದರು.

ಮಾವ ನನ್ನ ಕಡೆ ತಿರುಗಿದರು. ನಾನಾಗಲೇ ಅವರನ್ನೇ ನೋಡುತ್ತಿದ್ದೆ. ಇಬ್ಬರ ತಲೆಯಲ್ಲೂ ಒಂದೇ ದಿನ.

ಹೊರಗೆ ಬಂದು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡೆವು.

"ಗುರುವಾರ," ಅಂದೆ.

"ಗುರುವಾರ," ಅಂದರು ಮಾವ. ಎಷ್ಟೋ ದಿನದ ಮೇಲೆ ಅವರು ನಕ್ಕಿದ್ದು ನೋಡಿದೆ.

ಗುರುವಾರ ಬೆಳಗ್ಗೆ ಎಂಟರಿಂದ ದೀಪ ಹಚ್ಚುವ ಹೊತ್ತಿನವರೆಗೂ ಮುನಿಯಣ್ಣ ಬನಶಂಕರಿಯಲ್ಲಿ, ನಮ್ಮ ಮನೆಯ ಮುಂದೆ, ಇದೇ ಕಾರಿನ ಕೆಳಗೆ ಮಲಗಿದ್ದ. ಕ್ಲಚ್ ಪ್ಲೇಟ್ ಬದಲಾಯಿಸುತ್ತಿದ್ದ. ಮಧ್ಯಾಹ್ನ ನಮ್ಮ ಮನೆಯಲ್ಲೇ ಮುದ್ದೆ ಉಂಡ. ಎರಡನೇ ಸಲ ಸಾರು ಹಾಕಿಸಿಕೊಂಡ, ಹಾಕಿದ್ದು ನಾನೇ.

"ಮಡಿವಾಳದಲ್ಲಿ ಅವನಿಲ್ಲ ಅಂತ ಸೀನು ಪಕ್ಕದ ಶೆಡ್ಡಿನಲ್ಲಿ ಯಾರಿಂದಲೋ ಮಾಡಿಸ್ಕೊಂಡಿದ್ದಾನೆ," ಅಂದರು ಮಾವ, ಗೇರ್ ಹಾಕುತ್ತಾ. "ಆ ರಸ್ತೆಯಲ್ಲಿ ಹತ್ತು ಶೆಡ್ಡಿದೆ. ಯಾರು ಅಂತ ನಾಳೆ ಹುಡುಕೋಣ. ಇವತ್ತು ಮುನಿಯಣ್ಣ ಮನೆಗೆ ಹೋಗ್ತಾನೆ."

ಕನಕಪುರ ರಸ್ತೆಯುದ್ದಕ್ಕೂ ಅವರು ಹಾರ್ನ್ ಹೊಡೆಯುತ್ತಲೇ ಓಡಿಸಿದರು. ಹಾರ್ನಿನ ದುರುಪಯೋಗಕ್ಕೆ ಎಷ್ಟು ಜನಕ್ಕೆ ದಂಡ ಹಾಕಿದ್ದರೋ ಏನೋ.

ಠಾಣೆ ತಲುಪಿದಾಗ ನಾಲ್ಕೂ ಕಾಲು. ಬೋರಯ್ಯ ಮೇಸ್ತ್ರಿ ಅದೇ ಬೆಂಚಿನ ಮೇಲಿದ್ದರು. ಕ್ಯಾರಿಯರ್ ಬಿಚ್ಚಿರಲಿಲ್ಲ.

ಚಿಕ್ಕಬೈರಪ್ಪ ಎಲ್ಲ ಕೇಳಿಸಿಕೊಂಡು ತಲೆದೂಗಿದರು. "ಇದು ಮಾತು. ಗುರುವಾರ ಬಿಚ್ಚಿದ್ದಾರೆ, ಗುರುವಾರ ಇವನು ನಿಮ್ಮನೇಲಿದ್ದ. ನಿವೃತ್ತ ಅಧಿಕಾರಿ ನೀವು, ಒಂದು ಹೇಳಿಕೆ ಬರ್ಕೊಡಿ. ಇವನಿಂದಲೂ ಒಂದು ಮಾತು ಬರ್ಸ್ಕೊಂಡು ಬಿಡ್ತೀನಿ." ಕಾನ್‌ಸ್ಟೇಬಲ್ಲಿಗೆ ಸನ್ನೆ ಮಾಡಿದರು.

ಮುನಿಯಣ್ಣ ಬಂದು ಗೋಡೆಗೆ ಒರಗಿ ನಿಂತ. ಅಂಗಿಯ ಗುಂಡಿ ಒಂದೊಂದು ತಪ್ಪಿ ಹಾಕಿಕೊಂಡಿದ್ದ. ಮಾವನನ್ನು ಕಂಡು ಕೈಮುಗಿದ.

"ಮುನಿಯಣ್ಣ, ಕೆಲಸ ಮುಗೀತು. ಗುರುವಾರ ಸೀನು ಜೀಪನ್ನ ಮಡಿವಾಳಕ್ಕೆ ತಂದಿದ್ದ," ಅಂದರು ಮಾವ. "ಎಡಗಡೆ ಹಿಂದಿನ ಬುಷ್ ಬದಲಾಯಿಸಿದ್ದಾರೆ. ಗ್ರೀಸ್ ಹಚ್ಚಿ ಹಾಕಿದ್ದಾರೆ, ಜಾಕ್ ಮೇಲೆ ಬಿಗಿ ಮಾಡಿದ್ದಾರೆ. ನೀನು ಅವತ್ತು ನಮ್ಮನೇಲಿದ್ದೆ. ಅಷ್ಟು ಹೇಳು, ಮನೆಗೆ ಹೋಗೋಣ."

ಮುನಿಯಣ್ಣ ಮೇಜಿನ ಮೇಲಿದ್ದ ಬುಷ್ಷನ್ನು ನೋಡಿದ. ಆಮೇಲೆ ಕಿಟಕಿಯಾಚೆ, ಹೊಂಗೆ ಮರದ ಕಡೆ ನೋಡಿದ.

"ಗುರುವಾರ ಬಂದಿತ್ತಾ ಜೀಪು?"

"ಬಂದಿತ್ತು. ಆ ಹುಡುಗನ ಅಕ್ಕನೇ ಹೇಳಿದ್ರು."

"ಹೌದು ಸಾರ್," ಅಂದ ಮುನಿಯಣ್ಣ. "ಬಂದಿತ್ತು. ನಾನೇ ಬದಲಾಯಿಸಿದ್ದು."

ಚಿಕ್ಕಬೈರಪ್ಪನವರ ಪೆನ್ನು ಕಾಗದದ ಮೇಲೆ ನಿಂತಿತು.

"ತಲೆ ಕೆಟ್ಟಿದೆಯೇನೋ?" ಅಂದರು ಮಾವ. "ನೀನು ನಮ್ಮನೇಲಿದ್ದೆ!"

"ನಿಮ್ಮನೆಗೆ ಬಂದಿದ್ದು ಬುಧವಾರ ಸಾರ್. ನಿಮಗೆ ದಿನ ಮರೆತಿದೆ."

"ರಬ್ಬರಿಗೆ ಗ್ರೀಸ್ ಹಚ್ತೀಯಾ ನೀನು? ಯಾವತ್ತಾದ್ರೂ ಹಚ್ಚಿದ್ದೀಯಾ?"

"ಅವತ್ತು ಸೋಪು ಸಿಗಲಿಲ್ಲ. ಹಚ್ಚಿದೆ." ಮುನಿಯಣ್ಣ ಗೋಡೆ ಬಿಟ್ಟು ನೆಟ್ಟಗೆ ನಿಂತ. "ಬರ್ಕೊಳ್ಳಿ ಸಾರ್. ಸೈನ್ ಹಾಕ್ತೀನಿ. ಬೇರೆ ಯಾರನ್ನೂ ಕೇಳೋದು ಬೇಡ."

ಮಾವನಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು.

"ಸಾರ್, ಅವನು ಬುಧವಾರ ಅಂತಾನೆ, ನೀವು ಗುರುವಾರ ಅಂತೀರಿ," ಅಂದರು ಚಿಕ್ಕಬೈರಪ್ಪ. "ನೀವು ಅವನಿಗೆ ಬೇಕಾದವರು. ತಾನೇ ಮಾಡ್ದೆ ಅಂತ ಒಪ್ಕೊಳ್ಳೋನ ಮುಂದೆ ನಿಮ್ಮ ಒಬ್ಬರ ನೆನಪು ಎಷ್ಟು ತೂಗುತ್ತೆ? ಬರೆದದ್ದು ಏನಾದ್ರೂ ಇದೆಯಾ?"

"ಇದೆ," ಅಂದೆ ನಾನು. ದಿನಾ ಡೈರಿ ಬರೆಯುವುದು ನನ್ನ ಅಭ್ಯಾಸ. ಕ್ಲಚ್ ಪ್ಲೇಟೂ ಅದರಲ್ಲಿದೆ, ಮುದ್ದೆ ಸಾರೂ ಅದರಲ್ಲಿದೆ. ಡೈರಿ ಕಾರಿನ ಹಿಂದಿನ ಸೀಟಿನ ಮೇಲಿತ್ತು. ಓಡಿದೆ.

ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

ಕಾರಿನ ಬಾಗಿಲು ತೆಗೆಯುವಾಗ ಬೋರಯ್ಯ ಮೇಸ್ತ್ರಿ ಬೆಂಚಿನಿಂದ ಎದ್ದು, ಸದ್ದು ಬಂದ ಕಡೆ ಕೈ ಚಾಚಿ ಹತ್ತಿರ ಬಂದರು.

"ಯಾಕವ್ವ ಓಡ್ತಿದ್ದೀಯ? ಬಿಡಲ್ವಂತಾ?"

"ಬಿಡ್ತಿದ್ರು ಮೇಸ್ತ್ರಿ. ಇವನೇ ಹಠ ಹಿಡಿದಿದ್ದಾನೆ. ಗುರುವಾರ ಸೀನು ಜೀಪ್ ತಂದಾಗ ಬುಷ್ ಬದಲಾಯಿಸಿದ್ದು ನಾನೇ ಅಂತ ಸುಳ್ಳು ಹೇಳ್ತಿದ್ದಾನೆ."

ಮುದುಕರು ನಕ್ಕರು. ಹಲ್ಲಿಲ್ಲದ, ಒಳ್ಳೆಯ ನಗು.

"ಅವನೆಲ್ಲಿದ್ದ ಗುರುವಾರ? ನಿಮ್ಮನೆಗೆ ಹೋಗಿದ್ನಲ್ಲ. ಶೆಡ್ಡಲ್ಲಿ ನಾನೊಬ್ನೇ ಇದ್ದೆ. ಆ ಬುಷ್ ಬದಲಾಯ್ಸಿದ್ದು ನಾನು ಕಣವ್ವ."

ಡೈರಿ ನನ್ನ ಕೈಯಲ್ಲೇ ಇತ್ತು. ಎಲ್ಲಿಟ್ಟೆ ಅಂತ ಒಂದು ಗಳಿಗೆ ಹುಡುಕಿದೆ.

"ನೀವಾ?"

"ಪಾಪ ಆ ಹುಡ್ಗ ಅರ್ಜೆಂಟ್ ತಾತ ಅಂತ ಬಂದ. ಒಂದು ಸ್ಪೇರ್ ಬುಷ್ ಇತ್ತು, ಹಾಕ್ಕೊಟ್ಟೆ. ಕಣ್ಣಿಲ್ದಿದ್ರೇನು, ಐವತ್ತು ವರ್ಷ ಲಾರಿ ಕೆಳಗೇ ಇದ್ದ ಕೈ. ಮುನಿಯಣ್ಣಂಗೆ ಹೇಳಿದ್ರೆ ಬೈತಾನೆ, ನೀನು ಕೆಲ್ಸ ಮುಟ್ಬೇಡ ಅಂತಾನೆ. ಅದಕ್ಕೇ ಹೇಳ್ಲಿಲ್ಲ." ಹೆಗಲ ಚೀಲಕ್ಕೆ ಕೈ ಹಾಕಿದರು. "ಹಳೇದು ಇಲ್ಲೇ ಇದೆ ನೋಡು. ತೋರ್ಸೋಣ ಅಂತ ಇಟ್ಕೊಂಡೆ, ಧೈರ್ಯ ಬರ್ಲಿಲ್ಲ."

ನನ್ನ ಅಂಗೈಗೆ ಒಂದು ರಬ್ಬರ್ ಬುಷ್ ಇಟ್ಟರು. ಹೊಸದರ ಹಾಗೇ ಇತ್ತು, ಒಂದು ಕಡೆ ಬಿಟ್ಟು. ಅಲ್ಲಿ ಮುಕ್ಕಾಲು ಪಾಲು ಸೀಳು. ಅಂಚು ಹರಿದಿರಲಿಲ್ಲ. ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ.

"ಇದು ಹರಿದಿದ್ದಲ್ಲ, ಕುಯ್ದಿದ್ದು," ಅಂದರು ಬೋರಯ್ಯ. "ಬ್ಲೇಡೋ ಚಾಕುವೋ. ಬೆರಳಿಗೇ ಗೊತ್ತಾಗುತ್ತೆ. ಆ ಹುಡ್ಗಂಗೂ ತೋರ್ಸಿದೆ. ಈಸ್ಕೊಂಡು ತಿರುಗ್ಸಿ ತಿರುಗ್ಸಿ ನೋಡ್ದ. ಆಮೇಲೆ, ಯಾರು ಕುಯ್ದಿದ್ದು ಅಂತ ನಂಗೊತ್ತು ತಾತ, ನೀವು ಯಾರ್ಗೂ ಹೇಳ್ಬೇಡಿ ಅಂದ."

ಹಾಗಾದರೆ ಒಂದು ಕೈ ಕೊಲ್ಲಲು ಬುಷ್ ಕುಯ್ದಿತ್ತು, ಇನ್ನೊಂದು ಕೈ ಉಳಿಸಲು ಹೊಸದು ಹಾಕಿತ್ತು. ಸೀನು ಸತ್ತದ್ದು ಎರಡನೆಯದರಿಂದ. ಕುಯ್ದವರ ಹತ್ತಿರ ಜೆ.ಪಿ. ನಗರದ ಆ ಶೆಡ್ಡಿನ ಬೀಗದ ಕೈ ಇರಲೇಬೇಕು, ಅಂದರೆ ಆ ಮನೆಯವರೇ ಯಾರೋ. ಅವರನ್ನು ಹಿಡಿಯಬೇಕಾದರೆ ಈ ರಬ್ಬರು ತುಂಡನ್ನು ಚಿಕ್ಕಬೈರಪ್ಪನವರ ಮೇಜಿನ ಮೇಲಿಡಬೇಕು. ಇಟ್ಟರೆ, ಇದನ್ನು ಬಿಚ್ಚಿದವರು ಯಾರು ಅಂತ ಅವರು ಕೇಳುತ್ತಾರೆ.

ಮುನಿಯಣ್ಣ ಕಿಟಕಿಯಾಚೆ ನೋಡಿದ್ದು ಯಾರನ್ನು ಅಂತ ಆಗ ಗೊತ್ತಾಯಿತು. ನನಗೆ ಅಳು ಬಂತು.

"ಮೇಸ್ತ್ರಿ, ನೀವು ಇಲ್ಲೇ ಕೂತಿರಿ. ಒಳಗೆ ಬರಬೇಡಿ. ನಾನು ಮಾವನ ಜೊತೆ ಒಂದು ಮಾತು ಆಡಿ ಬರ್ತೀನಿ."

ಬುಷ್ಷನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಒಳಗೆ ಹೋದೆ. ಹೇಳಿಕೆ ಬರೆದು ಮುಗಿದಿತ್ತು. ಮುನಿಯಣ್ಣ ಬಗ್ಗಿ ಸಹಿ ಹಾಕಲು ಪೆನ್ನು ಹಿಡಿದಿದ್ದ. ಬರೆದು ಅಭ್ಯಾಸವಿಲ್ಲದ ಕೈ, ಒಂದೊಂದು ಅಕ್ಷರಕ್ಕೂ ತಡವರಿಸುತ್ತಿತ್ತು.

"ಡೈರಿ ತಂದ್ರಾ ಮೇಡಂ?" ಅಂದರು ಚಿಕ್ಕಬೈರಪ್ಪ. "ಇನ್ನೊಂದು ಕೈಯಲ್ಲೇನು?"

ಮುನಿಯಣ್ಣ ತಲೆ ಎತ್ತಿದ. ನನ್ನ ಮುಖ ನೋಡಿಯೇ ಅವನಿಗೆ ತಿಳಿದುಹೋಯಿತು. ಬೇಡ ಅನ್ನುವಂತೆ ತಲೆಯಾಡಿಸಿದ.

"ಏನಿಲ್ಲ ಸಾರ್," ಅಂದೆ.

"ಏನಿಲ್ಲ ಅಂದ್ರೇನವ್ವ, ತೋರ್ಸು!"

ಬೋರಯ್ಯ ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಕಾಲಿಡುತ್ತಿದ್ದರು. ಕೂತಿರಿ ಅಂದರೆ ಕೂರುವ ಜೀವವಲ್ಲ ಅದು. ಎದೆ ಸೆಟೆಸಿ, ಯಾರು ಯಾವ ಕಡೆ ಇದ್ದಾರೆ ಅಂತ ಕಾಣದೆ, ಇಡೀ ಕೋಣೆಗೆ ಒಟ್ಟಿಗೆ ಕೈಮುಗಿದರು.

"ಸಾರ್, ನಮ್ ಹುಡ್ಗ ಸುಳ್ಳು ಹೇಳ್ತಿದ್ದಾನೆ. ಆ ಬುಷ್ ಹಾಕಿದ್ದು ಅವನಲ್ಲ, ನಾನು."

"ಮೇಸ್ತ್ರಿ, ಸುಮ್ನಿರು," ಅಂದ ಮುನಿಯಣ್ಣ. "ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರು."

ಮಾವ ಕಣ್ಣು ಮುಚ್ಚಿಕೊಂಡರು.

ಚಿಕ್ಕಬೈರಪ್ಪ ಮುನಿಯಣ್ಣನ ಕೈಯಿಂದ ಪೆನ್ನು ತೆಗೆದುಕೊಂಡು, ಹೊಸ ಹಾಳೆ ಎಳೆದುಕೊಂಡರು. ದನಿ ಎತ್ತದೆ ಕೇಳಿದರು. "ಗ್ರೀಸ್ ಹಚ್ಚಿದ್ದು ಯಾರು ಅಜ್ಜ?"

"ನಾನೇ ಸಾರ್," ಅಂದರು ಬೋರಯ್ಯ, ಖುಷಿಯಿಂದ. "ಬಂಡೆ ಮೇಲೆ ಓಡ್ಸೋ ಹುಡ್ಗ, ಏನೂ ಆಗ್ಬಾರ್ದು ಅಂತ ಎಲ್ಲರಿಗಿಂತ ಜಾಸ್ತಿನೇ ಹಚ್ಚಿದೆ."